ಸೋಮಾರಿ ಹೊತ್ತು

ಆಫೀಸಿನಲ್ಲಿ ಅವನಿಗೆ ಮೀಟರ್ ಎಂದೇ ಹೆಸರು. ಕರೆಂಟು ಉರಿಸುವವರು ತಾವೇ ಆದರೂ ಜನರಿಗೆ ಸಿಟ್ಟೆಲ್ಲ ಗೋಡೆಯ ಮೇಲಿನ ಮೀಟರಿನ ಮೇಲಲ್ಲವೇ, ಹಾಗೆ. ಅವನ ಕೆಲಸವೂ ಅಂಥದ್ದೇ. ಯಾರು ಯಾವ ಸಾಫ್ಟ್‌ವೇರನ್ನು ಎಷ್ಟು ಹೊತ್ತು ಬಳಸಿದರು ಎಂದು ತಿಂಗಳಿಗೊಮ್ಮೆ ವರದಿ ಮಾಡಿ ಯಜಮಾನರ ಮೇಜಿನ ಮೇಲಿಡುವುದು.

ಕಟ್ಟಡಗಳಲ್ಲಿ ನೀರಿನ ಪೈಪು, ಚರಂಡಿ ಪೈಪು ಎಲ್ಲೆಲ್ಲಿ ಹಾದುಹೋಗಬೇಕು ಎಂದು ನಕ್ಷೆ ಬರೆದುಕೊಡುವ ಆಫೀಸು ಅದು. ನಕ್ಷೆ ಬರೆಯುವ ಸಾಫ್ಟ್‌ವೇರು ವಿಪರೀತ ದುಬಾರಿ. ಹಾಗಾಗಿ ಯಜಮಾನರು ಕೊಂಡ ಲೈಸೆನ್ಸುಗಳು ಕಮ್ಮಿ, ಕೂತ ಜನ ಜಾಸ್ತಿ. ಒಬ್ಬರು ಮುಚ್ಚಿದರೆ ಮಾತ್ರ ಇನ್ನೊಬ್ಬರಿಗೆ ತೆರೆಯುತ್ತದೆ. ಕೆಲವು ಮಹನೀಯರು ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದ ಹಾಗೆ ಬೆಳಿಗ್ಗೆಯೇ ಅದನ್ನು ತೆರೆದಿಟ್ಟು ಕೆಳಗಿನ ಚಹಾದಂಗಡಿಗೆ ಇಳಿದುಬಿಡುತ್ತಿದ್ದರು. "ಯಾರ್ರೀ ಅದು ಹಿಡ್ಕೊಂಡು ಕೂತಿರೋದು? ಬಿಡ್ರಪ್ಪಾ!" ಎಂದು ಉಳಿದವರು ಕೂಗಾಡುತ್ತಿದ್ದರು. ಕೂಗಾಟ ಗಾಜಿನ ಕೋಣೆಯೊಳಗಿದ್ದ ಯಜಮಾನರ ಕಿವಿಗೂ ಬಿತ್ತು. ಹೆಸರು ಹಿಡಿದು ಒಬ್ಬೊಬ್ಬರ ಬಳಕೆಯನ್ನು ಅಳೆಯುವ ಏರ್ಪಾಡು ಬಂದದ್ದು ಹಾಗೆ.

ಅಳೆಯುವುದಕ್ಕೆಂದೇ ಇನ್ನೊಂದು ಸಾಫ್ಟ್‌ವೇರು ಬಂತು. ಅದರ ಬುದ್ಧಿ ಬಹಳ ಸರಳ. ಕೈ ಮೌಸನ್ನೋ ಕೀಲಿಮಣೆಯನ್ನೋ ಮುಟ್ಟುತ್ತಿದ್ದರೆ ಆ ಮನುಷ್ಯ ಕೆಲಸ ಮಾಡುತ್ತಿದ್ದಾನೆ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಇಲ್ಲ. ವರದಿ ಇಂಗ್ಲಿಷಿನಲ್ಲಿ ಬಂತು. ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನಯ್ಯಾ ಇದು ಮಂತ್ರ? ನಮ್ಮ ಭಾಷೇಲಿ ಬರೆದು ತಾ, ನೋಡಿದ ತಕ್ಷಣ ತಿಳೀಬೇಕು" ಎಂದರು.

ಮೀಟರ್ ಉತ್ಸಾಹದಿಂದಲೇ ಕೂತ. ಒಂದು ಸಾಲಿಗೆ 'ಬಳಕೆದಾರರು' ಎಂದು ಬರೆದ. ಕೈಯಾಡಿದ ಹೊತ್ತಿಗೆ 'ಚುರುಕು ಹೊತ್ತು' ಎಂದ. ಕೈಯಾಡದ ಹೊತ್ತಿಗೆ ಏನನ್ನುವುದು? ಇಂಗ್ಲಿಷ್ ವರದಿಯಲ್ಲಿ ಅದಕ್ಕೆ 'ಐಡಲ್' ಎಂದಿತ್ತು, ನಿಘಂಟು ತೆರೆದರೆ ಆ ಪದಕ್ಕೆ 'ಸೋಮಾರಿ' ಎಂದಿತ್ತು. 'ಸುಮ್ಮನಿದ್ದ ಹೊತ್ತು' ಎಂದೂ ಬರೆಯಬಹುದಿತ್ತು, ಅದು ಅವನಿಗೆ ಹೊಳೆಯದೇ ಇರಲಿಲ್ಲ. ಆದರೆ ಚಹಾದಂಗಡಿಯ ಗಿರಾಕಿಗಳು ನೆನಪಾಗಿ ಒಳಗೊಳಗೇ ನಗು ಬಂತು. 'ಸೋಮಾರಿ ಹೊತ್ತು' ಎಂದೇ ಬರೆದು, ಯಾರದು ಹೆಚ್ಚೋ ಅವರನ್ನು ಮೇಲಕ್ಕೆ ಹಾಕಿದ.

ಎಲ್ಲರಿಗಿಂತ ಮೇಲೆ ಬಂದು ಕೂತದ್ದು ಅವನ ಭಾವನ ಹೆಸರು.

ಭಾವ ಎಂದರೆ ಅವನ ಅಕ್ಕನ ಗಂಡ. ಅವನನ್ನು ಈ ಆಫೀಸಿಗೆ ಸೇರಿಸಿದವರೂ ಅವರೇ. ಅವನು ಕರೆಯುವುದನ್ನು ಕೇಳಿ ಕೇಳಿ ಇಡೀ ಆಫೀಸೇ ಅವರನ್ನು ಭಾವ ಎನ್ನುತ್ತಿತ್ತು, ಟೈಪಿಸ್ಟ್ ಹೆಂಗಸೂ ಸೇರಿ. ಭಾವ ನಕ್ಷೆ ಬರೆಯುವವರಲ್ಲ, ಬೇರೆಯವರು ಬರೆದದ್ದನ್ನು ತಪಾಸಣೆ ಮಾಡುವವರು. ನಕ್ಷೆಯನ್ನು ಪರದೆಯ ಮೇಲೆ ತೆರೆದು, ಎರಡೂ ಕೈ ಕಟ್ಟಿ, ಕನ್ನಡಕವನ್ನು ಹಣೆಗೇರಿಸಿ ನೋಡುತ್ತ ಕೂತರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಗೊತ್ತಾಗುತ್ತಿರಲಿಲ್ಲ. ನೀರು ಮೇಲಿನ ತೊಟ್ಟಿಯಿಂದ ಇಳಿದು ಒಂದೊಂದು ಮನೆಗೂ ಹೋಗುವುದನ್ನು ಅವರು ಮನಸ್ಸಿನಲ್ಲೇ ಹಿಂಬಾಲಿಸುತ್ತಿದ್ದರು. ಕೊನೆಗೆ ಕೈ ಬಿಚ್ಚಿ, "ಇಲ್ಲಿ ನೋಡಿ, ಈ ಪೈಪು ಆ ಪೈಪಿಗೆ ಹೋಗಿ ಡಿಕ್ಕಿ ಹೊಡೆಯುತ್ತೆ" ಎಂದು ಬೆರಳಿಡುತ್ತಿದ್ದರು. ಚಹಾದಂಗಡಿಯ ಗಿರಾಕಿಗಳೋ, ಅಳತೆ ಶುರುವಾಯಿತೆಂದು ತಿಳಿದದ್ದೇ ಸಾಫ್ಟ್‌ವೇರು ಮುಚ್ಚಿ ಇಳಿಯುವುದನ್ನು ಕಲಿತಿದ್ದರು.

ಇದೆಲ್ಲ ಮೀಟರ್‌ಗೆ ಗೊತ್ತಿಲ್ಲದ್ದೇನಲ್ಲ. ಎದುರಿನ ಮೇಜೇ ಅವನದು. ಹೆಸರು ನೋಡಿದಾಗ ಅಳಿಸಿಬಿಡೋಣ ಎನ್ನಿಸಿದ್ದೂ ನಿಜ. ಆದರೆ ತೆಗೆದುಹಾಕಿದರೆ ಬಂಧುಪ್ರೇಮ ಎಂದು ನಾಲ್ಕು ಜನ ಆಡಿಕೊಳ್ಳುವುದಿಲ್ಲವೇ? ಲೆಕ್ಕವೆಂದರೆ ಲೆಕ್ಕ. ಹೀಗೆ ತನ್ನ ಪ್ರಾಮಾಣಿಕತೆಗೆ ತಾನೇ ಬೆನ್ನು ತಟ್ಟಿಕೊಂಡು ಕಳಿಸಿಬಿಟ್ಟ. ಬದಲಾಯಿಸಬೇಕಾಗಿದ್ದದ್ದು ಲೆಕ್ಕವನ್ನಲ್ಲ, ಒಂದು ಪದವನ್ನು ಎಂಬುದು ಆಗ ಅವನ ತಲೆಗೆ ಹೋಗಲಿಲ್ಲ. ಹೋಗಿದ್ದರೂ ಅವನಿಗೆ ಆ ಪದದ ಮೇಲೆ ಮೋಹ ಹುಟ್ಟಿತ್ತು.

ಯಜಮಾನರು ಅದನ್ನು ತಮ್ಮ ಮೇಜಿನಲ್ಲಿಟ್ಟುಕೊಳ್ಳುತ್ತಾರೆಂದು ಅವನು ಅಂದುಕೊಂಡಿದ್ದ. ಅವರೋ ಅದನ್ನು ಎಲ್ಲರೂ ಕುಡಿಯುವ ನೀರಿನ ಕ್ಯಾನಿನ ಪಕ್ಕದ ಗೋಡೆಗೆ ಅಂಟಿಸಿದರು. ನೀರು ಕುಡಿಯದೆ ಯಾರಿದ್ದಾರೆ? ಮಧ್ಯಾಹ್ನದೊಳಗೆ ಎಲ್ಲರೂ ಓದಿ ಮುಗಿಸಿದರು.

"ಏನ್ ಭಾವ, ಮೊದಲನೇ ಸ್ಥಾನ! ನಮಗೆಲ್ಲ ಏನು ಕೊಡಿಸ್ತೀರಿ?" ಎಂದು ಚಹಾದಂಗಡಿಯ ಗಿರಾಕಿಗಳೇ ಹಲ್ಲುಕಿರಿದರು. ಭಾವನೂ ನಕ್ಕರು. ನಗುತ್ತಲೇ ಮೀಟರ್‌ನ ಮೇಜಿಗೆ ಬಂದು ನಿಂತರು.

"ಏನಪ್ಪಾ, ನನ್ನ ಹೆಸರಿನ ಮುಂದೆ ಸೋಮಾರಿ ಅಂತ ಬಂದಿದೆಯಲ್ಲ?"

"ಅದು ಸಾಫ್ಟ್‌ವೇರೇ ಹಾಗೆ ಕೊಡುತ್ತೆ ಭಾವ. ನನ್ನ ಕೈಯಲ್ಲೇನಿಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು! ಭಾವ ಒಂದು ಗಳಿಗೆ ಅವನ ಮುಖ ನೋಡಿ, "ಹೌದಾ" ಎಂದು ತಮ್ಮ ಜಾಗಕ್ಕೆ ಹೋಗಿ ಕೂತರು. ಮೀಟರ್ ಏನೋ ಹುಡುಕುವವನ ಹಾಗೆ ಮೇಜಿನ ಕೆಳಗೆ ಬಗ್ಗಿದ.

ಭಾನುವಾರದ ಊಟ ಅವನಿಗೆ ಯಾವತ್ತೂ ಅಕ್ಕನ ಮನೆಯಲ್ಲಿ. ಅಕ್ಕ ಬಡಿಸುತ್ತ ಬಡಿಸುತ್ತಲೇ ಸೌಟು ಎತ್ತಿ ಹಿಡಿದು ಕೇಳಿದಳು.

"ನಿಮ್ಮ ಆಫೀಸಲ್ಲಿ ಇವರನ್ನ ಸೋಮಾರಿ ಅಂತ ಬರೆದು ಗೋಡೆಗೆ ಅಂಟಿಸಿದಾರಂತೆ. ಟೈಪಿಸ್ಟ್ ಸಿಕ್ಕಿದ್ಲು, ಹೇಳಿದ್ಲು. ಯಾರೋ ಅದು ಬರೆದವನು? ಹೆಸರು ಹೇಳು, ಅವನ ಜನ್ಮ ಜಾಲಾಡ್ತೀನಿ."

ಮೀಟರ್ ತುತ್ತನ್ನು ತಟ್ಟೆಗೇ ಇಳಿಸಿದ. ಅವನು ಬಾಯಿ ತೆರೆಯುವ ಮೊದಲೇ ಭಾವ, "ಮನುಷ್ಯರಲ್ಲ ಕಣೇ, ಮೆಷಿನ್ನು. ಮೆಷಿನ್ ಜೊತೆ ಏನು ಜಗಳ ಆಡ್ತೀಯ? ಅವನಿಗೆ ಅನ್ನ ಹಾಕು" ಎಂದರು. ಅಕ್ಕ ಹಾಕಿದಳು. ಬೇಡ ಎಂದರೂ ಇನ್ನೊಂದು ಸಲ ಹಾಕಿದಳು. ನಾಚಿಕೆಯಿಲ್ಲದವನು, ಅಷ್ಟನ್ನೂ ತಿಂದು ಎದ್ದ.

ಮರುದಿನದಿಂದ ಭಾವ ಕೈ ಕಟ್ಟುವುದನ್ನು ಬಿಟ್ಟರು. ನಕ್ಷೆ ನೋಡುತ್ತ ನೋಡುತ್ತ ಬಲಗೈಯಲ್ಲಿ ಮೌಸನ್ನು ಸುಮ್ಮನೆ ಸುತ್ತಿಸತೊಡಗಿದರು. ಪರದೆಯ ಮೇಲೆ ಬಾಣ ದಿಕ್ಕುಗೆಟ್ಟ ನೊಣದ ಹಾಗೆ ಸುತ್ತುತ್ತಿತ್ತು. ನೀರನ್ನು ಹಿಂಬಾಲಿಸುವ ಕಣ್ಣು ನಡುನಡುವೆ ಬಾಣವನ್ನು ಹಿಂಬಾಲಿಸುತ್ತಿತ್ತು, ಮತ್ತೆ ಮೊದಲಿನಿಂದ ನೋಡಬೇಕಾಗುತ್ತಿತ್ತು. ಎಷ್ಟೋ ಸಲ ಅವರು ಹಣೆ ಉಜ್ಜಿಕೊಳ್ಳುವುದನ್ನು ಮೀಟರ್ ಎದುರಿನಿಂದಲೇ ಕಂಡ. ಎದ್ದುಹೋಗಿ, "ಭಾವ, ಕೈ ಬಿಡಿ, ನಿಮ್ಮ ಪಾಡಿಗೆ ನೋಡಿ" ಎನ್ನಬೇಕೆಂದು ಪ್ರತಿ ಸಲವೂ ಅನ್ನಿಸಿತು. ಹಾಗೆಂದರೆ ಆ ಪದದ ಮಾತು ಬರುತ್ತದೆ. ಪದದ ಮಾತು ಬಂದರೆ ಸುಳ್ಳಿನ ಮಾತೂ ಬರುತ್ತದೆ. ಅವನು ಏಳಲಿಲ್ಲ.

ತಿಂಗಳು ಮುಗಿದಾಗ ಭಾವನ ಹೆಸರು ಎಲ್ಲರಿಗಿಂತ ಕೆಳಗಿತ್ತು. ಯಜಮಾನರಿಗೆ ಖುಷಿಯೋ ಖುಷಿ. "ನೋಡಿದೆಯಾ, ಒಂದು ಕಾಗದ ಅಂಟಿಸಿದ್ದಕ್ಕೆ ವಯಸ್ಸಾದವರೂ ಹೇಗೆ ಚುರುಕಾದ್ರು!" ಎಂದು ಮೀಟರ್‌ನ ಭುಜ ತಟ್ಟಿದರು. ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ಹೌದು ಸರ್" ಎಂದ.

ಅದೇ ತಿಂಗಳು ಭಾವ ಸಹಿ ಹಾಕಿ ಕಳಿಸಿದ ಒಂದು ನಕ್ಷೆಯಲ್ಲಿ ಚರಂಡಿ ಪೈಪು ಒಂದು ಮನೆಯ ಬಾಗಿಲಿನ ನಟ್ಟನಡುವೆ ಇಳಿದಿತ್ತು. ಗೋಡೆ ಕಟ್ಟುವ ಮೇಸ್ತ್ರಿ ಫೋನು ಮಾಡಿ, "ಮನೆಯವರು ಒಳಗೆ ಹೋಗೋಕೆ ಕಿಟಕಿ ಹಾರಬೇಕಾ ಸ್ವಾಮಿ?" ಎಂದು ಕೇಳಿದನಂತೆ. ಆಫೀಸೆಲ್ಲ ನಕ್ಕಿತು. ಯಜಮಾನರು ನಗಲಿಲ್ಲ. ಭಾವನನ್ನು ಗಾಜಿನ ಕೋಣೆಗೆ ಕರೆಸಿದರು.

ಗಾಜಿನೊಳಗೆ ಭಾವ ನಿಂತೇ ಇದ್ದರು. ಕುರ್ಚಿ ಇತ್ತು, ಕೂರಿ ಎಂದಂತೆ ಕಾಣಲಿಲ್ಲ. ಮೀಟರ್‌ಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋದ.

"ಸರ್, ತಪ್ಪು ನಂದು. ಸೋಮಾರಿ ಅನ್ನೋ ಪದ ಸಾಫ್ಟ್‌ವೇರಲ್ಲಿಲ್ಲ. ನಾನು ಬರೆದದ್ದು. ಇವರು ಕೈಯಾಡಿಸದೇ ನೋಡಬೇಕು ಸರ್, ಇವರ ಕೆಲಸ ಇರೋದೇ ಹಾಗೆ. ಆ ಪದಕ್ಕೆ ಹೆದರಿ ಮೌಸ್ ಆಡಿಸ್ತಾ ಕೂತರು, ಅದಕ್ಕೇ ಪೈಪು ತಪ್ಪಿಹೋಯ್ತು."

ದೊಡ್ಡದೇನೋ ಆಗುತ್ತದೆ, ಕೆಲಸ ಹೋದರೂ ಹೋಗಲಿ ಎಂದು ಗಟ್ಟಿ ಮಾಡಿಕೊಂಡು ಬಂದಿದ್ದ. ಯಜಮಾನರು ಕನ್ನಡಕದ ಮೇಲಿನಿಂದ ನೋಡಿದರು ಅಷ್ಟೇ.

"ಪದ ಯಾರದ್ದಾದ್ರೆ ನನಗೇನಯ್ಯಾ? ಪೈಪು ಇಳಿದಿರೋದು ಬಾಗಿಲಲ್ಲಿ. ಬೇಕಾದ್ರೆ ಪದ ಬದಲಾಯಿಸು, ಹೋಗು." ಆಮೇಲೆ ಭಾವನ ಕಡೆ ತಿರುಗಿ, "ಮುಂದಿನ ತಿಂಗಳಿಂದ ತಪಾಸಣೆ ಬೇರೆಯವರಿಗೆ ವಹಿಸ್ತೀನಿ. ನೀವು ಹಳೇ ನಕ್ಷೆಗಳನ್ನ ಜೋಡಿಸಿಡೋದು ನೋಡ್ಕೊಳ್ಳಿ" ಎಂದರು.

ಭಾವ ತಲೆಯಾಡಿಸಿ ಹೊರಬಂದರು. ಮೆಟ್ಟಿಲ ಬಳಿ ಮೀಟರ್ ಅವರನ್ನು ಅಡ್ಡಗಟ್ಟಿದ. ಕಣ್ಣು ತುಂಬಿತ್ತು.

"ಭಾವ, ನಾನು ಮೊದಲೇ ಹೇಳಬೇಕಾಗಿತ್ತು. ನಿಮ್ಮ ಹತ್ರ ಸುಳ್ಳು ಹೇಳಿದೆ."

"ಗೊತ್ತಿತ್ತು ಕಣೋ."

"ಯಾವಾಗಿಂದ?"

"ಅವತ್ತೇ. ಆ ಮೆಷಿನ್ನಿಗೆ ನಮ್ಮ ಭಾಷೆ ಎಲ್ಲಿ ಬರುತ್ತೆ?"

ಹಾಗಾದರೆ ಆ ಭಾನುವಾರ, ಅಕ್ಕ ಸೌಟು ಹಿಡಿದು ನಿಂತಿದ್ದಾಗ, ಭಾವ ಎಲ್ಲ ತಿಳಿದೇ ಅವನ ತಟ್ಟೆಗೆ ಅನ್ನ ಹಾಕಿಸಿದ್ದರು.

"ಮತ್ತೆ ನೀವ್ಯಾಕೆ ಸುಮ್ಮನಿದ್ರಿ ಭಾವ? ಎರಡು ಬೈದಿದ್ದರೆ ನಾನು ಅವತ್ತೇ ಸರಿ ಮಾಡ್ತಿದ್ದೆ."

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು.

"ನೀನೇ ಬರೆದಿದ್ದೀಯ ಅಂದಮೇಲೆ, ನಿಜ ಇರಬಹುದೇನೋ ಅನ್ನಿಸ್ತು ಕಣೋ. ದಿನಾ ಎದುರಿಗೆ ಕೂತು ನೋಡೋನು ನೀನು."