ದೊಡ್ಡಪ್ಪ ಪೂಜೆ ಮಾಡಿದ ಗೋಡೆ

ಗುಬ್ಬಿಯ ನಮ್ಮ ಪಾತ್ರೆ ಅಂಗಡಿಯ ಕಟ್ಟಡ ಮುತ್ತಾತನ ಕಾಲದ್ದು. ರಸ್ತೆಗೆ ಎದುರಾಗಿ ಕೆಂಪು ಇಟ್ಟಿಗೆಯ ಕಮಾನು, ಅದರಡಿ ಬಾಗಿಲು. ವ್ಯಾಪಾರ ಡಲ್ಲಾಯಿತೆಂದು ದೊಡ್ಡಪ್ಪ ತುಮಕೂರಿನಿಂದ ವಾಸ್ತುವಿನವನನ್ನು ಕರೆಸಿದರು. ಆ ಮಹಾನುಭಾವನ ಮಾತು ಕೇಳಿ ಕಮಾನಿನ ಬಾಯಿಗೆ ಸಿಮೆಂಟ್ ಇಟ್ಟಿಗೆ ತುಂಬಿ, ಪಕ್ಕದ ಗಲ್ಲಿಯ ಗೋಡೆ ಒಡೆದು ಶಟರ್ ಹಾಕಿಸಿದೆವು.

ಹಳೆಯ ಕಲ್ಲಿನ ಹೊಸಿಲು ಮಾತ್ರ ಗೋಡೆಯ ಬುಡದಲ್ಲೇ ಉಳಿಯಿತು. ಅಂಗಡಿ ತೆಗೆಯುವ ಮುಂಚೆ ಅದಕ್ಕೆ ನೀರು ಚಿಮುಕಿಸಿ, ಅರಿಶಿನ ಕುಂಕುಮವಿಟ್ಟು ಊದುಕಡ್ಡಿ ಬೆಳಗುವುದು ದೊಡ್ಡಪ್ಪನ ಅಭ್ಯಾಸ. ಬಾಗಿಲು ಹೋದರೂ ಅಭ್ಯಾಸ ಹೋಗಲಿಲ್ಲ. ಬಸ್ಸಿಗೆ ಕಾಯುವವರು ಅದನ್ನು ನೋಡಿ ಗೋಡೆಗೆ ಕೈ ಮುಗಿಯತೊಡಗಿದರು. ಆಮೇಲೆ ಹೂವು ಬಂತು, ತೆಂಗಿನಕಾಯಿಯೂ ಬಂತು.

ಮೊನ್ನೆ ಇನ್ನೊಬ್ಬ ವಾಸ್ತುವಿನವನು ಬಂದು, ಹಳೆಯ ಬಾಗಿಲೇ ಸರಿ, ಗೋಡೆ ಒಡೆಸಿ ಎಂದ. ಒಡೆಯಲು ಬಂದ ಗಾರೆಯವನು ಕುಂಕುಮ ನೋಡಿ ಸುತ್ತಿಗೆ ಕೆಳಗಿಟ್ಟ.

"ನಮ್ಮವ್ವ ಹಾಗಲವಾಡಿಯಿಂದ ಬಂದು ಇಲ್ಲೇ ಹರಕೆ ಹೊತ್ಕೊಂಡವ್ಳೆ. ನಾನ್ ಮುಟ್ಟಕಿಲ್ಲ, ಬುಡಿ ಸ್ವಾಮಿ."

ನನಗೆ ರೇಗಿಹೋಯಿತು. "ಇದು ದೇವರಲ್ಲ ಕಣಯ್ಯ, ಬಾಗಿಲು!" ಎಂದು ಕೂಗಾಡಿ, ಸಾಕ್ಷಿಗೆಂದು ದೊಡ್ಡಪ್ಪನ ಕಡೆ ತಿರುಗಿದೆ.

ಅವರು ಆಗಲೇ ಚಪ್ಪಲಿ ಬಿಟ್ಟು ನಿಂತಿದ್ದರು. "ಮೆಲ್ಲಗ್ ಮಾತಾಡ್ಲಾ," ಎಂದರು, "ಅದಕ್ಕೆ ಕೇಳಿಸ್ಬಿಡ್ತದೆ."