ಹಸಿರು ಬಳೆಯ ಅಕ್ಕ

ಕೆಲಸಕ್ಕೆಂದು ಉಡುಪಿಯಿಂದ ಬಂದು ಸೇರಿದ ಗಂಗಾವತಿಯ ಬಾಡಿಗೆ ಮನೆಯಲ್ಲಿ ಮೊದಲ ಭಾನುವಾರದ ಮಧ್ಯಾಹ್ನ. ಐದು ವರ್ಷದ ನನ್ನ ಮಗಳು ಅದಿತಿ ತಟ್ಟೆಯಿಂದ ಅರ್ಧ ರೊಟ್ಟಿ ಮುರಿದು ಖಾಲಿ ಮೂಲೆಗೆ ಚಾಚಿ, "ಅಕ್ಕ, ತಗೊ" ಎಂದಳು. ಯಾವ ಅಕ್ಕ ಎಂದು ಕೇಳಿದೆ. "ಕೈ ತುಂಬ ಹಸಿರು ಬಳೆ ಹಾಕ್ಕೊಂಡಿದ್ದಾಳಲ್ಲ, ಅವಳು."

ಉಡುಪಿಯವರಾದ ನಿಮಗೆ ಇದು ಹೊಸತಲ್ಲ. ನಮ್ಮಲ್ಲಿ ಭೂತಗಳಿಗೆ ಗುಡಿಯಿದೆ, ವರ್ಷಕ್ಕೊಮ್ಮೆ ಕೋಲವಿದೆ. ಕೈಮುಗಿದು ಕುಚ್ಚಲಕ್ಕಿ ಊಟ ಮಾಡಿ ಬರುತ್ತೇವೆ. ಇಲ್ಲಿ ಅನ್ನ ತೆಳ್ಳಗೆ, ಬಿಸಿಲು ದಪ್ಪ, ಮಾತಿಗೊಂದು 'ರಿ'. ಮನೆ ಇಲ್ಲಿ ಮನಿ, ಶಾಲೆ ಸಾಲಿ. ನಾನು ತಡವರಿಸುತ್ತಿದ್ದಾಗಲೇ ಮಗಳು ಬೀದಿಯ ಮಕ್ಕಳ ಜೊತೆ ಸೇರಿ ಎಲ್ಲವನ್ನೂ ಕಲಿತುಬಿಟ್ಟಳು.

ಮುಂದಿನ ಭಾಗದಲ್ಲಿರುವ ಮನೆಯೊಡತಿ ಬಸಮ್ಮನವರಿಗೆ ರೊಟ್ಟಿಯ ಸಂಗತಿಯನ್ನು ನಗುತ್ತಲೇ ಹೇಳಿದೆ. ಬಳೆಯ ಮಾತು ಹೇಳಲಿಲ್ಲ. ಅವರು ನಗಲಿಲ್ಲ.

"ಸಣ್ಣ ಕೂಸಿಗಿ ಕಾಣ್ತಾವ್ರಿ ಟೀಚರ್. ನಮ್ಮ ಕಣ್ಣಿಗಿ ಪರದಾ ಬಿದ್ದೈತಿ."

ನಾನು ವಿಜ್ಞಾನದ ಟೀಚರ್. ಮನಸ್ಸಿಗೆ ಬಂದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ನಡುವೆ ಮಕ್ಕಳಲ್ಲಿ ಗೋಡೆ ಇನ್ನೂ ಎದ್ದಿರುವುದಿಲ್ಲ ಎಂದು ಅವರಿಗೆ ಪಾಠ ಮಾಡಿದೆ. ಆದರೆ ಟೀಚರ್ ಮನೆಯಲ್ಲೇ ದೆವ್ವ ಎಂದು ಸಾಲಿಯಲ್ಲಿ ಸುದ್ದಿಯಾದರೆ ಮಾನವೇನಾದೀತು? ಮಗಳನ್ನು ಕೂರಿಸಿಕೊಂಡು, "ಇನ್ನೊಂದು ಸಲ ಈ ಸುಳ್ಳು ಹೇಳಿದರೆ ನಿನ್ನೊಬ್ಬಳನ್ನೇ ಅಜ್ಜಿ ಮನೆಗೆ ಕಳಿಸ್ತೇನೆ" ಎಂದೆ. ಅವಳು ಅಕ್ಕನ ಮಾತೆತ್ತುವುದನ್ನು ಬಿಟ್ಟಳು. ಗೆದ್ದೆ ಅಂದುಕೊಂಡೆ.

ಅಮಾವಾಸ್ಯೆಯ ಮಧ್ಯಾಹ್ನ ಬಸಮ್ಮ ಹೋಳಿಗೆ, ಎಣ್ಣೆಗಾಯಿ ಇಟ್ಟ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ತೀರಿಹೋದವರಿಗೆ ಇಡುವ ಎಡೆ ಅದು. ಅವರ ಚೊಚ್ಚಲ ಬಸುರಿ ಮಗಳು ತವರಿಗೆ ಬಂದು, ನಾವು ಉಣ್ಣುವ ಇದೇ ಕೋಣೆಯಲ್ಲಿ ಹೋಗಿಬಿಟ್ಟಿದ್ದಳಂತೆ. ಆಗಷ್ಟೇ ನನಗೆ ಗೊತ್ತಾಯಿತು. ಎಡೆಯಿಟ್ಟು ಅವರು ಅದಿತಿಯ ಮುಂದೆ ಕೂತರು.

"ನಮ್ಮವ್ವಾ, ಆಕಿ ಇನ್ನೂ ಬರ್ತಾಳನು? ಕೈಯಾಗ ಹಸರ ಬಳಿ ಅದಾವನು? ಸೀಮಂತಕ್ಕ ನಾನ ಇಡಿಸಿದ್ದೆ."

ಅದಿತಿ ಮೂಲೆಯತ್ತ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಮೇಲೆ ಅಪ್ಪಟ ಗಂಗಾವತಿಯವಳಂತೆ ಹೇಳಿದಳು: "ಇಲ್ರಿ ಅಮ್ಮಾ. ಯಾರೂ ಇಲ್ಲ. ನಾ ಸುಳ್ಳ ಹೇಳಿದ್ದೆ."

ಬಳೆಯ ಮಾತನ್ನು ನಾನಾದರೂ ಹೇಳಬಹುದಿತ್ತು. ಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗ್ಲಿ ಬಿಡ್ರಿ, ಕೂಸಿಗಿ ಬೈಬ್ಯಾಡ್ರಿ" ಎಂದು ಎದ್ದರು. ಅಂದಿನಿಂದ ಅವರು ಆಗಾಗ ಕೊಡುವ ರೊಟ್ಟಿ ತಿನ್ನಲು ನನಗೆ ನಾಚಿಕೆ.

ಮಕ್ಕಳಿಗೆ ಏಕೆ ಹೆಚ್ಚು ಕಾಣುತ್ತದೆ ಎಂದು ಈಗ ಯಾರಾದರೂ ಕೇಳಿದರೆ ನನ್ನ ಬಳಿ ಪಾಠವಿಲ್ಲ. ಕಂಡದ್ದನ್ನು ಹೇಳುವ ಮೊದಲು ದೊಡ್ಡವರ ಮುಖ ನೋಡಬೇಕೆಂದು ಅವರಿಗಿನ್ನೂ ಗೊತ್ತಿರುವುದಿಲ್ಲ, ಅಷ್ಟೆ. ಅದನ್ನು ಕಲಿಸಿದವಳು ನಾನು.

ಊರಿಗೆ ಬಂದಾಗ ನೀವು, "ಅಲ್ಲಿ ಹೊಂದಿಕೊಂಡಿರಾ?" ಎನ್ನುತ್ತೀರಿ. ಹೌದು ಎನ್ನುತ್ತೇನೆ. ಆದರೆ ಭೂತಕ್ಕೆ ಕೈಮುಗಿಯುವ ನಿಮ್ಮ ಸಾಲಿನಲ್ಲಿ ನಿಲ್ಲಲು ಮುಖವಿಲ್ಲ, ಬಸಮ್ಮನ ಪಡಸಾಲೆಯಲ್ಲಿ ಕೂರಲು ಧೈರ್ಯವಿಲ್ಲ. ಮಧ್ಯಾಹ್ನ ಅರ್ಧ ರೊಟ್ಟಿ ಮುರಿದು ಆ ಮೂಲೆಯಲ್ಲಿ ನಾನೇ ಇಡುತ್ತೇನೆ. ನನಗೇನೂ ಕಾಣುವುದಿಲ್ಲ. ಅದಿತಿ ಮೂಲೆಗೆ ಬೆನ್ನು ಹಾಕಿ ಕೂತು ಊಟ ಮಾಡುತ್ತಾಳೆ.