ಗಾಳಿ ತಾಗಿದರೆ ಬರುವ ಬಣ್ಣ

ಬೆಸಗರಹಳ್ಳಿಯಿಂದ ಮದ್ದೂರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ದಿನವೂ ಮುಖ ಗಂಟಿಕ್ಕಿಕೊಂಡೇ ಇಳಿಯುವವರೆಂದರೆ ನಮ್ಮ ಕಾಲೇಜಿನ ವನಜಾ ಮೇಡಂ. ಅವರು ಕಲಿಸುವುದು ರಸಾಯನಶಾಸ್ತ್ರ, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಆ ಮುಖದಲ್ಲಿರುವುದು ಸಿಡುಕು ಎಂದು ಹುಡುಗರು ಹೆದರುತ್ತಾರೆ. ಸಿಡುಕಲ್ಲ, ಹಂಬಲ.

ಒಂದು ಬಣ್ಣಕ್ಕಾಗಿ ಹಂಬಲ! ಪ್ರಾಯದಲ್ಲಿ ಅವರು ಮೈಸೂರಿನ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ಕತ್ತಲಲ್ಲಿ ಬೆಳೆಸಿದ ಕಡಲೆ ಸಸಿಗಳನ್ನು ಅರೆದು, ಸೋಸಿ, ಒಂದು ಕಿಣ್ವವನ್ನು ಬೇರ್ಪಡಿಸುವ ಕೆಲಸ.

"ಎಷ್ಟೋ ಕಿಣ್ವಗಳು ವಿಟಮಿನ್ನಿಂದ ಸಲಕರಣೆ ಎರವಲು ತಂದು ಕೆಲಸ ಮಾಡ್ತವೆ ಮೇಷ್ಟ್ರೇ. ಇದು ಹಾಗಲ್ಲ. ತನ್ನ ಮೈಯ ಸರಪಳಿಯಲ್ಲಿರೋ ಟೈರೋಸಿನ್ ಅನ್ನೋ ಒಂದು ಕೊಂಡಿಯನ್ನೇ ಸಲಕರಣೆ ಮಾಡ್ಕೊಳುತ್ತೆ. ತಾಮ್ರ ಬಂದು ಕೂತು, ಗಾಳಿ ತಾಗಿದ್ರೆ ಸಾಕು, ಆ ಕೊಂಡಿ ಕ್ವಿನೋನ್ ಅನ್ನೋ ಬೇರೆ ರೂಪ ತಾಳುತ್ತೆ. ಆಗ ಕಿಣ್ವಕ್ಕೆ ಗುಲಾಬಿ ಬಣ್ಣ ಬರುತ್ತೆ" ಎಂದು ಒಮ್ಮೆ ವಿವರಿಸಿದರು.

"ಮದುವೆಗೆ ನೆರೆಮನೆಯವರ ಒಡವೆ ಕೇಳೋ ಪೈಕಿ ಅಲ್ಲ ಅನ್ನಿ" ಎಂದೆ. ಅಪರೂಪಕ್ಕೆ ನಕ್ಕರು.

ಆ ಬಣ್ಣ ಮೊದಲ ಸಲ ಬಂದ ದಿನ ಅವರು ಅಲ್ಲಿರಲಿಲ್ಲ. ಅಪ್ಪ ನಿಂಗಯ್ಯನವರಿಗೆ ಲಕ್ವ ಹೊಡೆದಿತ್ತು, ಅವ್ವ ಸೋಮಮ್ಮ ಕರೆಸಿಕೊಂಡಿದ್ದರು. ಲ್ಯಾಬಿನ ಜೊತೆಗಾರ ಶಿವರಾಜು ಫೋನು ಮಾಡಿ "ಬಣ್ಣ ಬಂತು ಕಣ್ರೀ!" ಎಂದಾಗ ಅವರು ಅಪ್ಪನಿಗೆ ಗಂಜಿ ಕುಡಿಸುತ್ತಿದ್ದರು. ಅಪ್ಪ ಹಾಸಿಗೆಯಿಂದ ಏಳಲಿಲ್ಲ, ಮಗಳು ಮೈಸೂರಿಗೆ ಮರಳಲಿಲ್ಲ. ಅಪ್ಪ ತೀರಿಕೊಂಡ ಮೇಲೂ ಸೋಮಮ್ಮ ಆಗಾಗ ಕೇಳುತ್ತಿದ್ದರಂತೆ: "ಅಲ್ಲಿಂದ ಬುಡ್ಸಿ ಕರ್ಕಬಂದ್ನಲ್ಲ, ಬ್ಯಾಸ್ರಾಯ್ತಾ ಮಗ?"

"ಬುಡವ್ವ, ಏನಿಲ್ಲ." ಯಾವಾಗಲೂ ಅದೇ ಉತ್ತರ.

ಹೋದ ದಸರಾ ರಜೆಗೆ, ಈಗ ಆ ಲ್ಯಾಬಿನ ಮುಖ್ಯಸ್ಥರಾಗಿರುವ ಶಿವರಾಜು ಅವರೇ, ಆ ಬಣ್ಣ ಕಣ್ಣಾರೆ ನೋಡಲು ಮೇಡಂಗೆ ಲ್ಯಾಬಿನಲ್ಲಿ ಒಂದು ವಾರ ಕೆಲಸ ಮಾಡುವ ಅನುಮತಿ ಕೊಟ್ಟರು. ಸಸಿ ಮಾತ್ರ ಬೆಳೆಸಿಕೊಂಡು ಬರಬೇಕು, ವಾರ ಮುಗಿದರೆ ಜಾಗ ಬೇರೆಯವರಿಗೆ. ಮೇಡಂ ಎರಡು ಟ್ರೇಯಲ್ಲಿ ಕಡಲೆ ಬಿತ್ತಿದರು. ಒಂದನ್ನು ಒಳಕೋಣೆಯಲ್ಲಿ ಬುಟ್ಟಿ ಮುಚ್ಚಿ ಇಟ್ಟರು, ಇನ್ನೊಂದನ್ನು ರಾಗಿ ಮೂಟೆಗಳ ಹಿಂದೆ. ಆಮೇಲೆ ಪರೀಕ್ಷೆಯ ಕೆಲಸಕ್ಕೆಂದು ಎರಡು ದಿನ ಮಳವಳ್ಳಿಗೆ ಹೋದರು. ಬಂದು ನೋಡುತ್ತಾರೆ, ಬುಟ್ಟಿಯ ಕೆಳಗಿನ ಟ್ರೇ ಅಂಗಳದ ಬಿಸಿಲಿನಲ್ಲಿದೆ. ಸಸಿಗಳು ಹಚ್ಚಗೆ ನಿಂತಿವೆ.

"ಬಿಸ್ಲು ಕಾಣ್ದೆ ಬಿಳಿಚ್ಕಂಡಿದ್ವು ಕಣವ್ವ, ಪಾಪ. ಆಚಿಗೆ ಮಡಗ್ದೆ. ಒಂಚೂರು ಯೂರಿಯಾನೂವೆ ಆಕಿವ್ನಿ" ಎಂದರು ಸೋಮಮ್ಮ, ಹೆಮ್ಮೆಯಿಂದ.

ಜೀವಮಾನವಿಡೀ ಭತ್ತದ ಪೈರು ಬೆಳೆಸಿದ ಕೈ ಅದು. ಬಿಳಿಚಿದ ಸಸಿ ಕಂಡರೆ ಸುಮ್ಮನಿದ್ದೀತೇ? ಆದರೆ ಹಸಿರೇರಿದ ಸಸಿಯಿಂದ ಆ ಗುಲಾಬಿಯನ್ನು ಬಿಡಿಸುವುದು ಒಂದು ವಾರದ ಮಾತಲ್ಲ. ಮೇಡಂ ಬೈಯಲಿಲ್ಲ. ಬೈದಿದ್ದರೆ ಅವ್ವನಿಗೆ ಎಷ್ಟೋ ಹಗುರಾಗುತ್ತಿತ್ತು. "ಬುಡವ್ವ, ಏನಿಲ್ಲ" ಎಂದು ಒಳಗೆ ಹೋದರು. ತಪ್ಪು ಮಾಡಿದೆನೆಂದು ಸೋಮಮ್ಮನಿಗೆ ತಿಳಿದದ್ದು ಆಗಲೇ.

ಮೂಟೆಗಳ ಹಿಂದಿನ ಟ್ರೇ ಉಳಿದಿತ್ತು. ಸೋಮಮ್ಮನಿಗೆ ಮಂಡಿನೋವು, ಅಲ್ಲಿಗೆ ಬಗ್ಗಲು ಆಗಿರಲಿಲ್ಲ. ಆ ಮಂಡಿನೋವಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ವಾರದ ಕೊನೆಯ ದಿನ ಮೈಸೂರಿನಿಂದ ಫೋನು ಬಂತು. "ಮೇಷ್ಟ್ರೇ, ನಮ್ಮವ್ವನ್ನ ಕರ್ಕೊಂಡು ಬರ್ತೀರಾ?" ನನ್ನ ಹಳೆಯ ಕಾರಿನಲ್ಲಿ ಸೋಮಮ್ಮನವರನ್ನು ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು ಸೆರಗಿನ ತುದಿ ಸುತ್ತುತ್ತ ಕೂತಿದ್ದರು.

ಲ್ಯಾಬಿನ ಮೇಜಿನ ಮೇಲೆ ಒಂದು ಪುಟ್ಟ ಶೀಶೆ. ಒಳಗಿನ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿದ್ದರು. ತಳದಲ್ಲಿ ಚಂದ್ರಸೀಬೆಯ ತಿರುಳಿನಂಥ ಗುಲಾಬಿ ಬಣ್ಣದ ಕಿಣ್ವ. ಮೇಡಂ ಮುಚ್ಚಳ ತೆಗೆಯದೆ, ಅದರ ಮೂಲಕವೇ ಸೂಜಿ ಚುಚ್ಚಿ ಅದಕ್ಕೆ ಅಮೈನ್ ಎಂಬ ರಾಸಾಯನಿಕದ ಒಂದು ಹನಿ ಬಿಟ್ಟು, ಶೀಶೆಯನ್ನು ಅವ್ವನ ಕೈಗೆ ಕೊಟ್ಟರು. ನೋಡನೋಡುತ್ತ ಗುಲಾಬಿ ಹೋಗಿ ಬರೀ ತಿಳಿ ಹಳದಿ ಉಳಿಯಿತು.

ಸೋಮಮ್ಮ ಶೀಶೆಯನ್ನು ಮಗಳತ್ತ ಚಾಚಿದರು. "ನಾನೇನೂ ಮಾಡ್ನಿಲ್ಲ ಕಣವ್ವ! ಸುಮ್ಕೆ ಇಡ್ಕಂಡಿದ್ದೆ!"

"ನೀನಲ್ಲ ಕಣವ್ವ. ಆ ಹನಿಯಿಂದ ಎಲೆಕ್ಟ್ರಾನ್ ಇಸ್ಕಂಡು ಒಳಗೇ ಇಟ್ಕಂಡದೆ. ಕೊಡಾಕೆ ಯಾರೂ ಇಲ್ಲ, ಅದ್ಕೆ ಬಣ್ಣ ಓಗದೆ. ಗಾಳಿ ಬಂದ್ರೆ ಗಾಳಿಗೆ ಕೊಟ್ಬುಡ್ತದೆ. ಮುಚ್ಚಳ ನೀನೇ ತಗಿ."

ಸೋಮಮ್ಮ ತೆಗೆದು ಮೆಲ್ಲಗೆ ಕುಲುಕಿದರು. ಗುಲಾಬಿ ತಿರುಗಿ ಬಂತು. ಅವರು ಶೀಶೆಯನ್ನು ಬೆಳಕಿಗೆ ಹಿಡಿದರು.

"ಇದ್ನ ಬುಟ್ಟು ಬಂದ್ಬುಟ್ಟಾ ಮಗ, ನಮ್ಗೋಸ್ಕರ? ಬ್ಯಾಸ್ರಾಗ್ನಿಲ್ವಾ?"

ಮತ್ತೆ ಆ ಹಳೆಯ ಉತ್ತರವೇ ಬರುತ್ತದೆಂದು ನಾನು ಕಿಟಕಿಯ ಕಡೆ ತಿರುಗಿದೆ.

"ಆಯ್ತು ಕಣವ್ವ" ಎಂದರು ವನಜಾ ಮೇಡಂ. "ಬೋ ಬ್ಯಾಸ್ರಾಯ್ತು."

ಸೋಮಮ್ಮ ಶೀಶೆಯನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು.